ಕಾಡಿಗೆ ಪಕ್ಷವಿಲ್ಲ ಎಂದ ಮೇಷ್ಟ್ರು

1942ರ ಫೆಬ್ರವರಿ. ಬ್ರಿಟಿಷರ ಆಳ್ವಿಕೆಯಲ್ಲಿದ್ದ ಮಲಯಕ್ಕೆ, ಅಂದರೆ ಈಗಿನ ಮಲೇಷ್ಯಾದ ಭಾಗಕ್ಕೆ, ಜಪಾನೀಯರು ನುಗ್ಗಿದ್ದಾರೆ. ಅಲ್ಲಿನ ತಂಜೋಂಗ್ ಮಾಲಿಮ್ ಊರಿನ ಹತ್ತಿರ, ಕಾಡಂಚು. ಕತ್ತಲಾಗುವ ಹೊತ್ತಿಗೆ ಮೂವರು ಬ್ರಿಟಿಷರು ಕೂತು ಮೈಗೆ ಬಣ್ಣ ಬಳಿದುಕೊಳ್ಳುತ್ತಿದ್ದಾರೆ. ದೀಪದ ಮಸಿ, ಅಯೋಡಿನ್, ಪೊಟ್ಯಾಸಿಯಂ ಪರ್ಮಾಂಗನೇಟ್, ಜೊತೆಗೆ ಕಾಫಿ. ಎಲ್ಲ ಕಲಸಿ ಮುಖಕ್ಕೆ, ಕೈಕಾಲಿಗೆ ಹಚ್ಚಿದ್ದಾಯಿತು. ತಲೆಗೆ ಬಿಳಿ ರುಮಾಲು ಸುತ್ತಿದ್ದಾಯಿತು. ಕತ್ತಲಲ್ಲಿ ದೂರದಿಂದ ನೋಡಿದರೆ ರಬ್ಬರ್ ತೋಟದ ತಮಿಳು ಕೂಲಿಯಾಳುಗಳೇ. ನಮ್ಮ ದಕ್ಷಿಣ ಭಾರತದಿಂದ ಹೋದವರು ಆ ತೋಟಗಳಲ್ಲಿ ಲಕ್ಷಗಟ್ಟಲೆ ದುಡಿಯುತ್ತಿದ್ದ ಕಾಲ ಅದು. ಅಂಥ ವೇಷವನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ.

ಅವರ ಗಂಟಿನಲ್ಲಿದ್ದದ್ದು ಸಿಡಿಮದ್ದು. ಕೆಲವೊಮ್ಮೆ ಬಿದಿರಿನ ಅಂಡೆಯೊಳಗೆ ತುಂಬಿದ್ದು. ಸುಮಾರು ಎರಡು ವಾರ, ರಾತ್ರಿ ಆಯಿತೆಂದರೆ ಅವರಿಗೆ ಇದೇ ಕೆಲಸ. ರೈಲು ಹಳಿ, ಸೇತುವೆ, ಜಪಾನಿ ಸೇನೆಯ ಲಾರಿ ಸಾಲು. ಆ ಮೂವರಲ್ಲಿ ಒಬ್ಬರು ಆಮೇಲೆ ಕೊಟ್ಟ ಲೆಕ್ಕದಂತೆ, ಏಳೆಂಟು ರೈಲು ಹಳಿ ತಪ್ಪಿದವು, ಹದಿನೈದು ಸೇತುವೆಗಳಿಗೆ ಪೆಟ್ಟು ಬಿತ್ತು, ನಲವತ್ತು ವಾಹನ ಹಾಳಾದವು. ಸತ್ತವರು, ಗಾಯಗೊಂಡವರು 500ರಿಂದ 1,500. ಇದು ಅವರದೇ ಅಂದಾಜು ಅನ್ನುವುದನ್ನು ಮರೆಯಬಾರದು. ಕತ್ತಲಲ್ಲಿ ಸಿಡಿಸಿ ಓಡಿಹೋದವರು ಹೆಣ ಎಣಿಸಲು ನಿಂತಿರುವುದಿಲ್ಲ. ಆದರೆ ಜಪಾನೀಯರಿಗೆ ಇದು ಇನ್ನೂರು ಜನರ ದಳದ ಕೆಲಸ ಅನಿಸಿತ್ತಂತೆ. ಹುಡುಕಲು ಸಾವಿರಾರು ಸೈನಿಕರನ್ನು ಬಿಟ್ಟರು.

ಆ ಮೂವರ ಮುಂದಾಳು ಮೂರು ವರ್ಷದ ಹಿಂದೆ ಸ್ಕಾಟ್ಲೆಂಡಿನ ಒಂದು ಶಾಲೆಯಲ್ಲಿ ಮೇಷ್ಟ್ರು. ಹೆಸರು ಫ್ರೆಡ್ಡಿ ಸ್ಪೆನ್ಸರ್ ಚಾಪ್‌ಮನ್. ಮುಂದೆ ಎಲಿಜಬೆತ್ ರಾಣಿಯ ಗಂಡನಾದ ಪ್ರಿನ್ಸ್ ಫಿಲಿಪ್ ಆ ಶಾಲೆಯ ವಿದ್ಯಾರ್ಥಿ.

ಚಾಪ್‌ಮನ್ ಬಗ್ಗೆ ಬರೆಯುವವರು ಜಾಸ್ತಿ ಹೇಳುವುದು ಈ ಎರಡು ವಾರದ ಕಥೆಯನ್ನೇ. ನನಗೆ ಅದಕ್ಕಿಂತ ದೊಡ್ಡದು ಅನಿಸುವುದು ಆಮೇಲಿನ ಮೂರು ವರ್ಷ. ಶತ್ರು ಹಿಡಿದ ದೇಶದಲ್ಲಿ, ಮಳೆಕಾಡಿನೊಳಗೆ, ಹೊರಗಿನವರ ಸಂಪರ್ಕವೇ ಇಲ್ಲದೆ ಒಬ್ಬ ಮನುಷ್ಯ ಉಳಿದದ್ದು ಹೇಗೆ? ಗುರಿ, ಧೈರ್ಯ, ಮೈಕಸುವು ಎಲ್ಲ ಇತ್ತು, ಸರಿ. ಆದರೆ ನನ್ನ ಪ್ರಕಾರ ಅವರನ್ನು ಉಳಿಸಿದ್ದು ಮೇಷ್ಟ್ರುಗಿರಿ. ಕಲಿಯುವ ಚಟ, ಕಲಿಸುವ ಚಟ. ವಿಶೇಷ ಪಡೆ ಅಂದರೆ ಸಿನಿಮಾದಲ್ಲಿ ಕಾಣುವಂತೆ ಬರೀ ಹೊಡೆದಾಟ ಅಂದುಕೊಂಡಿರುತ್ತೇವೆ, ಅಲ್ವಾ? ಅದರ ಮುಕ್ಕಾಲು ಪಾಲು ಶಾಲೆ. ಚಾಪ್‌ಮನ್ ಬದುಕನ್ನು ಹಿಡಿದು ಹೋದರೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಹುಟ್ಟಿದ್ದು 1907ರಲ್ಲಿ, ಲಂಡನ್ನಿನಲ್ಲಿ. ಹೆತ್ತ ಸ್ವಲ್ಪ ದಿನಕ್ಕೇ ತಾಯಿ ತೀರಿಕೊಂಡರು. ತಂದೆ 1916ರಲ್ಲಿ, ಮೊದಲ ಮಹಾಯುದ್ಧದ ಸೋಮ್ ಕಾಳಗದಲ್ಲಿ ಸತ್ತರು. ಇಂಗ್ಲೆಂಡಿನ ಉತ್ತರಕ್ಕಿರುವ ಲೇಕ್ ಡಿಸ್ಟ್ರಿಕ್ಟ್ ಸೀಮೆಯಲ್ಲಿ ವಯಸ್ಸಾದ ಪಾದ್ರಿ ದಂಪತಿ ಹುಡುಗನನ್ನು ಸಾಕಿದರು. ಬೆಟ್ಟ, ಹಕ್ಕಿ, ಹೂವು, ಹಳ್ಳದಲ್ಲಿ ಮೀನು. ಓದು ಕೇಂಬ್ರಿಡ್ಜಿನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ.

1930ರಲ್ಲಿ ಗೀನೊ ವಾಟ್ಕಿನ್ಸ್ ಮುಂದಾಳತ್ವದಲ್ಲಿ ಗ್ರೀನ್‌ಲ್ಯಾಂಡಿಗೆ ಒಂದು ತಂಡ ಹೋಯಿತು. ಇಂಗ್ಲೆಂಡಿನಿಂದ ಕೆನಡಾಕ್ಕೆ ವಿಮಾನ ಹಾರಿಸಲು ದಾರಿ ಹುಡುಕುವ ಕೆಲಸ. ಚಾಪ್‌ಮನ್ ಅದರಲ್ಲಿದ್ದರು. ಅಲ್ಲಿ ಅವರು ಮಾಡಿದ ಒಂದು ಕೆಲಸ ಮುಂದೆ ಬದುಕಿಡೀ ಜೊತೆಗೆ ಬಂತು. ಅದು ಊರಿನವರನ್ನು ಕೇಳಿ ಕಲಿಯುವುದು. ಇನುಯಿಟ್ ಜನರ ಭಾಷೆ ಕಲಿತರು, ಅವರ ಕಯಾಕ್ ದೋಣಿ ನಡೆಸಲು ಕಲಿತರು, ನಾಯಿಬಂಡಿ ಓಡಿಸಲು ಕಲಿತರು. ಹಿಮದ ಮೇಲೆ ಬದುಕುವುದು ಇನುಯಿಟ್ ಜನರಿಗೆ ಸಾಹಸ ಅಲ್ಲ, ಸುಮ್ನೆ ದಿನದ ಬಾಳು. ಚಾಪ್‌ಮನ್ ತಲೆಯಲ್ಲಿ ಈ ಮಾತು ಚೆನ್ನಾಗಿ ಕೂತಿತು.

1936ರಲ್ಲಿ ಬೇಸಿಲ್ ಗೌಲ್ಡ್ ಎಂಬ ಅಧಿಕಾರಿಯ ಜೊತೆ ಟಿಬೆಟಿನ ಲಾಸಾಕ್ಕೆ ಹೋದರು. ಅಲ್ಲಿ ಟಿಬೆಟನ್ ಕಲಿತರು, ಗಿಡಗಳ ಮಾದರಿ ಕೂಡಿಸಿದರು, ರಾಶಿ ಫೋಟೋ ತೆಗೆದರು. ಆ ಫೋಟೋಗಳು ಇವತ್ತಿಗೂ ಆಕ್ಸ್‌ಫರ್ಡಿನ ಪಿಟ್ ರಿವರ್ಸ್ ಮ್ಯೂಸಿಯಮ್ಮಿನಲ್ಲಿವೆ. ಮರುವರ್ಷ ಮೇ 21ರಂದು ಟಿಬೆಟ್ ಮತ್ತು ಭೂತಾನ್ ಗಡಿಯ ಚೋಮೊಲ್ಹಾರಿ ಶಿಖರ ಹತ್ತಿದರು. ಎತ್ತರ 7,300 ಮೀಟರಿಗೂ ಜಾಸ್ತಿ. ಅದಕ್ಕೂ ಮುಂಚೆ ಯಾರೂ ಆ ತುದಿ ಮುಟ್ಟಿರಲಿಲ್ಲ. ತುದಿಯವರೆಗೆ ಜೊತೆಗಿದ್ದದ್ದು ಶೆರ್ಪಾ ಪಾಸಂಗ್ ದಾವಾ ಲಾಮಾ ಒಬ್ಬರೇ. ಇಳಿಯುವಾಗ ಪಾಸಂಗ್ ಕಾಲು ಜಾರಿದರು. ಇಬ್ಬರೂ ಒಂದೇ ಹಗ್ಗದಲ್ಲಿದ್ದರು. ಜಾರುತ್ತ ಜಾರುತ್ತ ಹೋದವರನ್ನು ಚಾಪ್‌ಮನ್ ಹಿಮಗೊಡಲಿ ಊರಿ ನಿಲ್ಲಿಸಿದರು. ಆಮೇಲೆ ಕೆಟ್ಟ ಹವೆಯಲ್ಲಿ, ಹೊಟ್ಟೆಗಿಲ್ಲದೆ, ದಿನಗಟ್ಟಲೆ ಇಳಿದು ಬಂದರು.

ಇಷ್ಟೆಲ್ಲ ಆದ ಮೇಲೆ ಈ ಮನುಷ್ಯ ಹೋಗಿ ಸೇರಿದ್ದು ಗಾರ್ಡನ್‌ಸ್ಟನ್ ಶಾಲೆಗೆ. ಅದನ್ನು ಕಟ್ಟಿದವರು ಕರ್ಟ್ ಹಾನ್. ಹಿಟ್ಲರನನ್ನು ಎದುರು ಹಾಕಿಕೊಂಡು ಜರ್ಮನಿ ಬಿಡಬೇಕಾದ ಯಹೂದಿ ಶಿಕ್ಷಕ. ಮಕ್ಕಳಿಗೆ ಪುಸ್ತಕದ ಜೊತೆ ಬೆಟ್ಟ, ಸಮುದ್ರ, ಊರಿನ ಸೇವೆ ಎಲ್ಲವೂ ಪಾಠ ಆಗಬೇಕು ಅನ್ನುವುದು ಅವರ ನಂಬಿಕೆ. ಇಂಥ ಶಾಲೆಗೆ ಚಾಪ್‌ಮನ್ ಹೇಳಿ ಮಾಡಿಸಿದ ಮೇಷ್ಟ್ರು.

ಯುದ್ಧ ಬಂತು. ಪಾಠ ನಿಲ್ಲಲಿಲ್ಲ, ಜಾಗ ಬದಲಾಯಿತು ಅಷ್ಟೇ. 1940ರಲ್ಲಿ ಸ್ಕಾಟ್ಲೆಂಡಿನ ಲೋಕ್ಐಲರ್ಟ್ ಎಂಬಲ್ಲಿ ಸೇನೆ ಒಂದು ವಿಶೇಷ ತರಬೇತಿ ಶಾಲೆ ತೆರೆಯಿತು. ಕಮಾಂಡೊಗಳು ತಯಾರಾದ ಮೊದಲ ಜಾಗಗಳಲ್ಲಿ ಅದೂ ಒಂದು. ನಮ್ಮಲ್ಲಿ ಕಮಾಂಡೊ ತರಬೇತಿ ಅಂದರೆ ಬೆಳಗಾವಿ ನೆನಪಾಗುತ್ತದಲ್ಲ, ಆ ಬಗೆಯ ಶಾಲೆಗಳ ಅಜ್ಜ ಅನ್ನಬಹುದು. ಅಲ್ಲಿ ಮೇಷ್ಟ್ರುಗಳು ಯಾರು ಯಾರು ಗೊತ್ತಾ? ಶಾಂಘೈ ಪೊಲೀಸಿನಲ್ಲಿದ್ದ ಫೇರ್‌ಬೇರ್ನ್ ಮತ್ತು ಸೈಕ್ಸ್ ಎಂಬ ಇಬ್ಬರು ಕೈಕೈ ಹೊಡೆದಾಟ ಕಲಿಸುತ್ತಿದ್ದರು. ದಕ್ಷಿಣ ಧ್ರುವದ ಸ್ಕಾಟ್ ತಂಡದಲ್ಲಿದ್ದ ಡಾಕ್ಟರ್ ಲೆವಿಕ್ ಕಡಿಮೆ ಆಹಾರದಲ್ಲಿ ಬದುಕುವುದನ್ನು ಹೇಳಿಕೊಡುತ್ತಿದ್ದರು. ಮೈಕ್ ಕ್ಯಾಲ್ವರ್ಟ್ ಸಿಡಿಮದ್ದಿನ ಪಾಠ. ಚಾಪ್‌ಮನ್ ಪಾಲಿಗೆ ಬಂದದ್ದು ಬಯಲಿನ ಪಾಠ: ಕಾಣದಂತೆ ನಡೆಯುವುದು, ಸದ್ದಿಲ್ಲದೆ ಕಾಯುವುದು, ದಾರಿ ಹುಡುಕುವುದು, ಇದ್ದುದರಲ್ಲಿ ಬದುಕುವುದು.

ಅಲ್ಲಿಂದ ಚಾಪ್‌ಮನ್, ಕ್ಯಾಲ್ವರ್ಟ್ ಇಬ್ಬರನ್ನೂ ಆಸ್ಟ್ರೇಲಿಯಾಕ್ಕೆ ಕಳಿಸಿದರು. ವಿಕ್ಟೋರಿಯಾದ ದಕ್ಷಿಣ ತುದಿಯಲ್ಲಿ ವಿಲ್ಸನ್ಸ್ ಪ್ರೊಮೊಂಟರಿ ಎಂಬ ಕಾಡು, ಬೆಟ್ಟ, ಕಡಲು ಸೇರಿದ ಜಾಗ. ಅಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ಹುಡುಗರಿಗೆ ತರಬೇತಿ. ಆ ಶಾಲೆಯಲ್ಲಿ ತಯಾರಾದ ಒಂದು ದಳ 1942ರಲ್ಲಿ ಟಿಮೋರ್ ದ್ವೀಪದಲ್ಲಿ ಜಪಾನೀಯರ ನಡುವೆ ಸಿಕ್ಕಿಬಿತ್ತು. ಸೋತು ಶರಣಾದರೆಂದೇ ಎಲ್ಲರೂ ತಿಳಿದಿದ್ದರು. ಅವರು ಹಳೇ ಬಿಡಿಭಾಗ ಜೋಡಿಸಿ ವೈರ್‌ಲೆಸ್ ಮಾಡಿಕೊಂಡು ಆಸ್ಟ್ರೇಲಿಯಾದ ಡಾರ್ವಿನ್ ಊರಿಗೆ ಸುದ್ದಿ ಮುಟ್ಟಿಸಿದರು. ಆ ವರ್ಷದ ಕೊನೆವರೆಗೂ ಹೋರಾಡಿದರು. ಈ ವೈರ್‌ಲೆಸ್ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1941ರ ಸೆಪ್ಟೆಂಬರ್ ಹೊತ್ತಿಗೆ ಚಾಪ್‌ಮನ್ ಸಿಂಗಾಪುರದಲ್ಲಿದ್ದರು. ಅಲ್ಲಿನ 101ನೇ ವಿಶೇಷ ತರಬೇತಿ ಶಾಲೆಯ ಎರಡನೇ ಅಧಿಕಾರಿ. ಆ ಶಾಲೆಯ ತಲೆಯಲ್ಲಿ ಒಂದು ಯೋಜನೆ ಇತ್ತು. ಅದನ್ನು ‘ಹಿಂದೆ ಉಳಿಯುವ ದಳ’ ಅನ್ನಬಹುದು. ಏನದು? ಶತ್ರು ನುಗ್ಗಿ ಬರುತ್ತಾನೆ, ನಮ್ಮ ಸೇನೆ ಹಿಂದೆ ಸರಿಯುತ್ತದೆ. ಆಗ ಕೆಲವರು ಸರಿಯದೆ ಅಲ್ಲೇ ಅಡಗಿ ಕೂರುತ್ತಾರೆ. ಶತ್ರು ಅವರನ್ನು ದಾಟಿ ಮುಂದೆ ಹೋಗುತ್ತಾನೆ. ಸೇನೆ ಎಷ್ಟು ಮುಂದೆ ಹೋಗುತ್ತದೋ ಅದರ ಬಾಲವೂ ಅಷ್ಟು ಉದ್ದವಾಗುತ್ತದೆ. ಅಕ್ಕಿ, ಪೆಟ್ರೋಲು, ಮದ್ದುಗುಂಡು ಎಲ್ಲ ಹಿಂದಿನಿಂದ ಬರಬೇಕಲ್ಲ. ಆ ಬಾಲವನ್ನು ಅಲ್ಲಲ್ಲಿ ಕತ್ತರಿಸುವುದೇ ಇವರ ಕೆಲಸ. ನಾಲ್ಕೈದು ಜನ ಸಾಕು. ಎದುರಾಬದುರಾ ಕಾಳಗ ಬೇಡ. ಸಿಡಿಸು, ಮಾಯವಾಗು.

ಇದಕ್ಕೆ ಮೂರು ಬೇಕು. ಮೊದಲೇ ಅಡಗಿಸಿಟ್ಟ ದಿನಸಿ ಮತ್ತು ಮದ್ದು. ಅನ್ನ ಹಾಕುವ, ಸುದ್ದಿ ಕೊಡುವ, ಗುಟ್ಟು ಬಿಡದ ಊರ ಜನ. ಹೊರಗಿನ ಜಗತ್ತಿಗೆ ಮಾತಾಡಲು ವೈರ್‌ಲೆಸ್. ಮೂರರಲ್ಲಿ ಒಂದು ಇಲ್ಲದಿದ್ದರೂ ಕಷ್ಟ. ಮಲಯದಲ್ಲಿ ಮೂರೂ ಕೈಕೊಟ್ಟವು.

ಕಾರಣ ತಡ. ಯುದ್ಧ ಶುರುವಾಗುವ ಮುಂಚೆಯೇ ಯೋಜನೆ ಮುಂದಿಟ್ಟಾಗ ಮಲಯದ ಆಡಳಿತ ಬೇಡ ಅಂದಿತು. ಬಿಳಿ ಮನುಷ್ಯ ಏಷ್ಯಾದ ಜನರ ನಡುವೆ ಅಡಗಲಾರ ಅನ್ನುವುದು ಒಂದು ವಾದ. ಶತ್ರು ಒಳಗೆ ಬರಬಹುದು ಅಂತ ನಾವೇ ಒಪ್ಪಿಕೊಂಡರೆ ಜನರ ಧೈರ್ಯ ಕುಸಿಯುತ್ತದೆ ಅನ್ನುವುದು ಇನ್ನೊಂದು. ಮತ್ತೆ, ಜಪಾನೀಯರ ವಿರುದ್ಧ ಪ್ರಾಣ ಕೊಟ್ಟು ಹೋರಾಡುವ ಮನಸ್ಸಿದ್ದವರು ಚೀನೀ ಕಮ್ಯುನಿಸ್ಟರು, ಅವರ ಪಕ್ಷಕ್ಕೋ ನಿಷೇಧ. ಅವರ ಕೈಗೆ ಬಂದೂಕು ಕೊಡುವುದು ಹೇಗೆ? 1941ರ ಡಿಸೆಂಬರ್ 8ರಂದು ಜಪಾನೀಯರು ಕೋಟಾ ಭಾರುವಿನಲ್ಲಿ ಇಳಿದ ಮೇಲೆ ಈ ಪ್ರಶ್ನೆಗಳೆಲ್ಲ ಒಂದೇ ಏಟಿಗೆ ಹಾರಿಹೋದವು. ಕಮ್ಯುನಿಸ್ಟ್ ಹುಡುಗರು ಶಾಲೆಗೆ ಬಂದರು. ಒಂದೊಂದು ತಂಡಕ್ಕೆ ಸಿಕ್ಕಿದ್ದು ಹತ್ತೇ ದಿನದ ಪಾಠ. ಒಟ್ಟು 165 ಜನ ಕಲಿತು ಕಾಡಿಗೆ ಹೋದರು. ಮುಂದೆ ಸಾವಿರಾರು ಜನರ ಪಡೆಯಾಗಿ ಬೆಳೆದ ಮಲಯ ಜನರ ಜಪಾನ್ ವಿರೋಧಿ ಸೇನೆಗೆ ಬೀಜವಾದವರು ಇವರೇ. ಇನ್ನೂ ಆರು ತಿಂಗಳು ಮುಂಚೆ ಶುರು ಮಾಡಿದ್ದರೆ ಏನಾಗುತ್ತಿತ್ತೋ.

ಡಿಸೆಂಬರ್ ಕೊನೆಯಲ್ಲಿ ಚಾಪ್‌ಮನ್ ಪೆರಾಕ್ ನದಿ ದಾಟಿ ಜಪಾನೀಯರು ಹಿಡಿದ ಕಡೆಗೆ ಹೋದರು. ರಸ್ತೆ ಪಕ್ಕ ಅಡಗಿ ನೋಡಿದರು. ನೂರಾರು ಜಪಾನಿ ಸೈನಿಕರು ಸೈಕಲ್ ಮೇಲೆ ಹೋಗುತ್ತಿದ್ದಾರೆ. ಮಾತಾಡುತ್ತ, ನಗುತ್ತ, ಪಂದ್ಯ ನೋಡಲು ಹೊರಟವರ ಹಾಗೆ. ಮೈಮೇಲೆ ಹಗುರ ಬಟ್ಟೆ, ಕಾಲಿಗೆ ಹಗುರ ಬೂಟು, ಬೆನ್ನಿಗೆ ಕಡಿಮೆ ಹೊರೆ. ಇತ್ತ ಬ್ರಿಟಿಷ್ ಸೇನೆಯವರು ಭಾರದ ಬೂಟು, ಉಕ್ಕಿನ ಟೋಪಿ, ವಿಷಾನಿಲದ ಮುಖವಾಡ, ಚೀಲ, ಕಂಬಳಿ ಎಲ್ಲ ಹೊತ್ತು ಆ ಬಿಸಿಲಲ್ಲಿ ಬೇಯುತ್ತಿದ್ದರು. ಇಲ್ಲಿಯೂ ಚಾಪ್‌ಮನ್ ಮಾಡಿದ್ದು ಮೇಷ್ಟ್ರ ಕೆಲಸ. ಎದುರಾಳಿಯ ಒಳ್ಳೆ ಗುಣವನ್ನು ಒಳ್ಳೆಯದು ಅಂತ ಬರೆದುಕೊಂಡರು.

ನಮಗೆ ಭಾರತೀಯರಿಗೆ ಈ ಕಥೆಯ ಇನ್ನೊಂದು ಮುಖ ಹೆಚ್ಚು ಹತ್ತಿರದ್ದು. ಮಲಯದಲ್ಲಿ ಸೋತ ಸೇನೆಯಲ್ಲಿ ಭಾರತದ ಸೈನಿಕರು ಬಹಳ ಇದ್ದರು. 1942ರ ಫೆಬ್ರವರಿ 15ರಂದು ಸಿಂಗಾಪುರ ಬಿದ್ದ ಮೇಲೆ ಅವರು ಸೆರೆಯಾದರು. ಅಲ್ಲಿಂದಲೇ ಮೋಹನ್ ಸಿಂಗ್ ಮುಂದಾಳತ್ವದಲ್ಲಿ ಆಜಾದ್ ಹಿಂದ್ ಫೌಜ್ ಎದ್ದಿತು. 1943ರಲ್ಲಿ ನೇತಾಜಿ ಅದೇ ಊರಿಗೆ ಬಂದು ಅದನ್ನು ಕೈಗೆ ತೆಗೆದುಕೊಂಡರು. ಅದೇ ನೆಲ, ಅದೇ ವರ್ಷಗಳು. ಒಬ್ಬೊಬ್ಬರಿಗೆ ಶತ್ರು ಒಬ್ಬೊಬ್ಬ. ತೋಟದ ತಮಿಳು ಕೂಲಿಗಳಿಗಂತೂ ಯಾರು ಬಂದರೂ ನೆಮ್ಮದಿ ಇರಲಿಲ್ಲ. ಸಾವಿರಾರು ಜನರನ್ನು ಜಪಾನೀಯರು ಸಯಾಂ (ಈಗಿನ ಥಾಯ್ಲೆಂಡ್)–ಬರ್ಮಾ ರೈಲು ಹಳಿ ಹಾಕಲು ಎಳೆದೊಯ್ದರು. ತುಂಬಾ ಜನ ವಾಪಸ್ ಬರಲಿಲ್ಲ. ಮೈಗೆ ಮಸಿ ಬಳಿದುಕೊಂಡು ಅವರ ವೇಷ ಹಾಕಿದ ಮೂವರ ಸಾಹಸ ಓದುವಾಗ ನನಗೆ ಇದು ಮನಸ್ಸಿನಲ್ಲಿ ಚುಚ್ಚುತ್ತದೆ.

ಮದ್ದು ಮುಗಿಯಿತು. ಸಿಂಗಾಪುರವೂ ಬಿತ್ತು. ಬಾಲ ಕತ್ತರಿಸಿ ಏನು ಪ್ರಯೋಜನ, ಹಾವು ಆಗಲೇ ಬಿಲ ಸೇರಿದೆ. ಆ ಮೂವರಲ್ಲಿ ಒಬ್ಬರಾದ ಬಿಲ್ ಹಾರ್ವೆ ದೇಶ ಬಿಟ್ಟು ಪಾರಾಗಲು ಹೊರಟು ಸಿಕ್ಕಿಬಿದ್ದರು. ಕೌಲಾಲಂಪುರದ ಪುಡು ಜೈಲಿನಿಂದ ತಪ್ಪಿಸಿಕೊಂಡರು, ಮತ್ತೆ ಸಿಕ್ಕಿದರು, ಜಪಾನೀಯರು ಕೊಂದರು. ಚಾಪ್‌ಮನ್ ಕಾಡಿಗೆ ಹೋಗಿ ಕಮ್ಯುನಿಸ್ಟ್ ಗೆರಿಲ್ಲಾಗಳನ್ನು ಸೇರಿದರು.

ಇಲ್ಲಿ ಸ್ವಲ್ಪ ನಿಲ್ಲೋಣ. ಗೆರಿಲ್ಲಾಗಳಿಗೆ ಬಿಳಿ ಮನುಷ್ಯನೊಬ್ಬ ದೊಡ್ಡ ತಲೆನೋವು. ಗುರುತು ಸಿಗುತ್ತಾನೆ. ಅವನಿಗೆ ಅನ್ನ ಹಾಕಿದವರ ಮನೆ ಸುಡುತ್ತಾರೆ. ಸಾಲದ್ದಕ್ಕೆ ನಿನ್ನೆ ಮೊನ್ನೆವರೆಗೆ ತಮ್ಮನ್ನು ಜೈಲಿಗೆ ಹಾಕುತ್ತಿದ್ದ ಸರ್ಕಾರದವನು. ಆದರೂ ಇಟ್ಟುಕೊಂಡರು, ಹೊತ್ತು ತಿರುಗಿದರು, ಜ್ವರ ಬಂದಾಗ ನೋಡಿಕೊಂಡರು. ಅದರಲ್ಲಿ ಮನುಷ್ಯತ್ವವೂ ಇತ್ತು. ಜೊತೆಗೆ, ಕಲಿಸಲು ಅವರ ಹತ್ತಿರ ಬೇರೆ ಯಾರೂ ಇರಲಿಲ್ಲ.

ಕಾಡಿನೊಳಗಿನ ಶಿಬಿರ ಅಂದರೆ ತಾಳೆಗರಿ ಹೊದಿಸಿದ ಉದ್ದ ಗುಡಿಸಲು, ಬಿದಿರು ಜಾಲರಿಯ ಮಂಚ. ಬೆಳಗಾಗುವ ಮುಂಚೆ ಎದ್ದು ವ್ಯಾಯಾಮ, ಹಾಡು, ಕವಾಯತು. ಆಮೇಲೆ ಪಾಠ, ರಾಜಕೀಯ ಭಾಷಣ, ತಪ್ಪು ಒಪ್ಪಿಕೊಳ್ಳುವ ಸಭೆ. ಊಟಕ್ಕೆ ಅನ್ನ ಇದ್ದರೆ ಅನ್ನ, ಇಲ್ಲದಿದ್ದರೆ ಮರಗೆಣಸು, ಅದಕ್ಕೊಂದಿಷ್ಟು ಒಣಮೀನು. ಹುಡುಗ ಹುಡುಗಿಯರಿಗೆ ಹುರುಪು ಬೆಟ್ಟದಷ್ಟು. ಗುರಿ ಮಾತ್ರ ಕೆಟ್ಟದು. ಅಭ್ಯಾಸ ಮಾಡೋಣ ಅಂದರೆ ಗುಂಡಿಲ್ಲ. ಹಾಗಾಗಿ ಗುಂಡಿಲ್ಲದ ಬಂದೂಕಿನಲ್ಲೇ ಗುರಿ ಹಿಡಿಯುವುದು, ಉಸಿರು ಬಿಗಿಹಿಡಿಯುವುದು, ಕಾವಲು ನಿಲ್ಲುವುದು, ಹೊಂಚು ಹಾಕುವುದು, ಸದ್ದಿಲ್ಲದೆ ನಡೆಯುವುದು. ಶಿಬಿರದಿಂದ ಶಿಬಿರಕ್ಕೆ ನಡೆದು ಚಾಪ್‌ಮನ್ ಇದನ್ನೇ ಹೇಳಿಕೊಟ್ಟರು. ಮಾತಿಗೆ ದುಬಾಷಿ ಬೇಕು. ಆಮೇಲಾಮೇಲೆ ತಾವೇ ಮಲಯ, ಚೀನೀ ಮಾತು ಕಲಿತುಕೊಂಡರು.

ಕಾಡಿನ ಕಷ್ಟವನ್ನು ಮಲೆನಾಡಿನವರಿಗೆ ಜಾಸ್ತಿ ವಿವರಿಸಬೇಕಿಲ್ಲ. ಕಾಲಿಗೆ ಇಂಬಳ ಹತ್ತಿ ರಕ್ತ ಸೋರುವುದು, ಬಟ್ಟೆ ಒಣಗದಿರುವುದು, ಹತ್ತು ಹೆಜ್ಜೆ ಮುಂದೆ ಏನಿದೆ ಅಂತ ಕಾಣದಿರುವುದು. ಅದನ್ನು ವರ್ಷಪೂರ್ತಿ ಮಾಡಿ, ಮೇಲೆ ಮಲೇರಿಯಾ ಸೇರಿಸಿ. ಚಾಪ್‌ಮನ್ ತಪ್ಪದೆ ಡೈರಿ ಬರೆಯುತ್ತಿದ್ದರು. ಒಮ್ಮೆ ಜ್ವರದಿಂದ ಎದ್ದು ನೋಡಿದರೆ ಡೈರಿಯಲ್ಲಿ 17 ದಿನ ಖಾಲಿ. ಅಷ್ಟು ದಿನ ಮೈಮೇಲೆ ಎಚ್ಚರವೇ ಇರಲಿಲ್ಲ. ಇನ್ನೊಮ್ಮೆ ಹೊಂಚು ಹಾಕಿ ಕೂತವರ ಗುಂಡು ತಗಲಿತು. ಮನೆಯಲ್ಲೇ ಮಾಡಿದ ಬಂದೂಕಿನ ತೋಟಾದಿಂದ ಬಂದ ಒಂದು ಉಕ್ಕಿನ ನಟ್ಟು ಮೈಗೆ ಹೊಕ್ಕಿತು. ಇದರ ನಡುವೆಯೂ ಹಕ್ಕಿಗಳನ್ನು ಗುರುತು ಹಾಕುತ್ತಿದ್ದರು, ಬೀಜ ಕೂಡಿಸುತ್ತಿದ್ದರು.

ಹೀಗೆ ಸಿಕ್ಕಿಹಾಕಿಕೊಂಡವರು ಚಾಪ್‌ಮನ್ ಒಬ್ಬರೇ ಅಲ್ಲ. ಸೇನೆ ಓಡಿದಾಗ ಹಿಂದೆ ಬಿದ್ದ ಎಷ್ಟೋ ಬ್ರಿಟಿಷ್ ಸೈನಿಕರು ಕಾಡು ಸೇರಿದ್ದರು. ಹೆಚ್ಚಿನವರು ಕೆಲವೇ ತಿಂಗಳಲ್ಲಿ ಸತ್ತರು. ಗುಂಡಿನಿಂದ ಅಲ್ಲ, ಹಸಿವಿನಿಂದಲೂ ಪೂರ್ತಿ ಅಲ್ಲ. ಜ್ವರ, ಭೇದಿ, ಬೆರಿಬೆರಿ ಇದ್ದದ್ದು ನಿಜ. ಆದರೆ ಅದೇ ಜ್ವರ, ಅದೇ ಊಟದಲ್ಲಿ ಕೆಲವರು ಉಳಿದರು, ಕೆಲವರು ಹೋದರು. ವ್ಯತ್ಯಾಸ ಎಲ್ಲಿ ಅಂತ ಚಾಪ್‌ಮನ್ ಯೋಚಿಸಿದರು. ಕಾಡು ಅಂದರೆ ಹುಲಿ, ಹಾವು, ವಿಷ ಅಂತ ಹೆದರಿದವರು ಇದ್ದರು. ಕಾಡು ಅಂದರೆ ಮರದ ತುಂಬ ಹಣ್ಣು, ಕೈಚಾಚಿದರೆ ಊಟ ಅಂತ ನಂಬಿ ಬಂದವರೂ ಇದ್ದರು. ಮೊದಲನೆಯವರು ಹೆದರಿಕೆಗೆ ಸೋತರು, ಎರಡನೆಯವರು ನಿರಾಸೆಗೆ ಸೋತರು. ಈ ಅನ್ನ ತಿಂದು ಬದುಕಲಾರೆ ಅಂದುಕೊಂಡವನು ಬದುಕಲಿಲ್ಲ.

ಚಾಪ್‌ಮನ್ ಕಂಡುಕೊಂಡ ಉತ್ತರ ಬಹಳ ಸರಳ. ಕಾಡು ಯಾರ ಪಕ್ಷವೂ ಅಲ್ಲ. ನೀರು ಕೊಡುತ್ತದೆ, ಮರೆ ಕೊಡುತ್ತದೆ. ನಿನಗೆ ಕೊಟ್ಟಷ್ಟೇ ನಿನ್ನನ್ನು ಹುಡುಕಿ ಬಂದವನಿಗೂ ಕೊಡುತ್ತದೆ. ಉಳಿದದ್ದು ನಿನ್ನ ಕಲಿಕೆ, ನಿನ್ನ ಮನಸ್ಸು. 1949ರಲ್ಲಿ ಬಂದ ಅವರ ಪುಸ್ತಕದ ಹೆಸರೂ ಈ ಅರ್ಥದ್ದೇ. ಅದಕ್ಕೆ ಮುನ್ನುಡಿ ಬರೆದವರು ಫೀಲ್ಡ್ ಮಾರ್ಷಲ್ ವೇವೆಲ್. ಇದು ಬರೀ ಕಾಡಿನ ಮಾತು ಅನ್ನಬೇಡಿ. ಅದೇ ಕಾಡಿನಲ್ಲಿ ಒರಾಂಗ್ ಅಸ್ಲಿ ಬುಡಕಟ್ಟಿನವರು ತಲೆತಲಾಂತರದಿಂದ ಬಾಳಿಕೊಂಡು ಬಂದಿದ್ದರು. ಗ್ರೀನ್‌ಲ್ಯಾಂಡಿನ ಹಿಮದ ಮೇಲೆ ಕಲಿತ ಪಾಠವೇ ಇಲ್ಲಿ ಹಸಿರು ಬಟ್ಟೆ ಹಾಕಿಕೊಂಡು ಬಂದಿತ್ತು.

ಹೊರಗಿನವರ ಮುಖ ಕಂಡದ್ದು 1943ರ ಕ್ರಿಸ್‌ಮಸ್ ಹೊತ್ತಿಗೆ. ಫೋರ್ಸ್ 136 ಅಂತ ಬ್ರಿಟಿಷರ ಗುಪ್ತ ದಳವೊಂದಿತ್ತು. ಅದರ ಜಾನ್ ಡೇವಿಸ್, ರಿಚರ್ಡ್ ಬ್ರೂಮ್ ಸಿಲೋನಿನಿಂದ ಜಲಾಂತರ್ಗಾಮಿಯಲ್ಲಿ ಬಂದು ಮಲಯದ ತೀರದಲ್ಲಿ ಇಳಿದಿದ್ದರು. ಬ್ಲಾಂಟನ್ ಎಂಬ ಬೆಟ್ಟದ ಶಿಬಿರದಲ್ಲಿ ಭೇಟಿ. ವರ್ಷದ ಕೊನೆ ದಿನ ಅಲ್ಲೇ ಒಂದು ಒಪ್ಪಂದ ಆಯಿತು. ಗೆರಿಲ್ಲಾಗಳು ಬ್ರಿಟಿಷರ ಮಾತಿನಂತೆ ಹೋರಾಡುವುದು, ಬ್ರಿಟಿಷರು ಬಂದೂಕು, ಹಣ, ಔಷಧಿ ಕೊಡುವುದು. ಬ್ರಿಟಿಷರ ಕಡೆಯಿಂದ ಡೇವಿಸ್, ಬ್ರೂಮ್, ಚಾಪ್‌ಮನ್. ಆ ಕಡೆಯಿಂದ ಸಹಿ ಹಾಕಿದ್ದು ಕಮ್ಯುನಿಸ್ಟ್ ಪಕ್ಷದ ಮುಖ್ಯಸ್ಥ ಲೈ ಟೆಕ್, ಬೇರೆ ಹೆಸರಿನಲ್ಲಿ. ಈತ ಜಪಾನೀಯರಿಗೂ ಸುದ್ದಿ ಮಾರುತ್ತಿದ್ದ ಎಂಬುದು ಯುದ್ಧ ಮುಗಿದ ಮೇಲೆ ಗೊತ್ತಾಯಿತು.

ಆದರೆ ವೈರ್‌ಲೆಸ್? ಭಾರದ ಸೆಟ್ಟು, ಕಾಡಿನ ತೇವ, ಮೇಲಿಂದ ಮೇಲೆ ದಾಳಿ. ಸಿಲೋನಿಗೆ ಮೊದಲ ಸಲ ಸರಿಯಾಗಿ ಮಾತು ಮುಟ್ಟಿದ್ದು 1945ರ ಫೆಬ್ರವರಿಯಲ್ಲಿ. ಒಪ್ಪಂದ ಆಗಿ ವರ್ಷ ದಾಟಿತ್ತು. ಅಲ್ಲಿಯವರೆಗೆ ಒಂದು ಬಂದೂಕೂ ಆಕಾಶದಿಂದ ಬೀಳಲಿಲ್ಲ. ಟಿಮೋರಿನ ಹುಡುಗರು ಕೆಲವೇ ವಾರದಲ್ಲಿ ಜೋಡಿಸಿಕೊಂಡದ್ದು ಇಲ್ಲಿ ಮೂರು ವರ್ಷ ಸಿಗಲಿಲ್ಲ. ಒಂದು ವೈರ್‌ಲೆಸ್ ಇದ್ದಿದ್ದರೆ ಈ ಮೂರು ವರ್ಷದ ಬೆಲೆಯೇ ಬೇರೆ ಇರುತ್ತಿತ್ತು ಅನ್ನುವುದು ನನ್ನ ಅನಿಸಿಕೆ.

ಅದರ ನಡುವೆ, 1944ರ ಮೇ ತಿಂಗಳಲ್ಲಿ ಚಾಪ್‌ಮನ್ ಜಪಾನೀಯರ ಕೈಗೆ ಸಿಕ್ಕಿದರು. ಮರ್ಯಾದೆಯಿಂದಲೇ ನೋಡಿಕೊಂಡರಂತೆ. ರಾತ್ರಿ ಡೇರೆಯಲ್ಲಿ ಸೈನಿಕರ ನಡುವೆ ಮಲಗಿಸಿದರು. ಹೊರಗೆ ಬೆಂಕಿ, ಕಾವಲು. ನಾಳೆ ಊರಿಗೆ ಒಯ್ದರೆ ಕಥೆ ಮುಗಿಯಿತು ಅಂತ ಗೊತ್ತಿತ್ತು. ನಡುರಾತ್ರಿ ಡೇರೆಯ ಅಂಚಿನಡಿ ನುಸುಳಿ ಕತ್ತಲಿಗೆ ಬಿದ್ದರು. ಇಷ್ಟು ವರ್ಷ ಅವರು ಹುಡುಗರಿಗೆ ಕಲಿಸಿದ ಪಾಠದ ಪರೀಕ್ಷೆ ಅದು. ಮೈಯಲ್ಲಿ ಜ್ವರ, ಹಿಂದೆ ಹುಡುಕುವವರು. ದಿನಗಟ್ಟಲೆ ನಡೆದು ಶಿಬಿರ ಸೇರಿದರು.

1945ರ ಮೇ 13ರಂದು ಪಾಂಕೋರ್ ದ್ವೀಪದ ಬಳಿಯ ಒಂದು ಸಣ್ಣ ಕೊಲ್ಲಿಯಿಂದ ಬ್ರಿಟಿಷ್ ಜಲಾಂತರ್ಗಾಮಿ ‘ಸ್ಟೇಟ್ಸ್‌ಮನ್’ ಚಾಪ್‌ಮನ್, ಬ್ರೂಮ್ ಇಬ್ಬರನ್ನೂ ಹತ್ತಿಸಿಕೊಂಡಿತು. ಮೂರು ವರ್ಷ ನಾಲ್ಕು ತಿಂಗಳು ಆಗಿತ್ತು. ಆಗಸ್ಟಿನಲ್ಲಿ ಪ್ಯಾರಾಚೂಟ್ ಕಟ್ಟಿಕೊಂಡು ಮತ್ತೆ ಮಲಯಕ್ಕೇ ಧುಮುಕಿದರು.

ಯುದ್ಧ ಮುಗಿಯಿತು, ಪದಕಗಳು ಬಂದವು. ಗೆರಿಲ್ಲಾ ಸೇನೆಯನ್ನು 1945ರ ಡಿಸೆಂಬರಿನಲ್ಲಿ ವಿಸರ್ಜಿಸಿದರು. ಬ್ರಿಟಿಷರಿಗೂ ಗೆರಿಲ್ಲಾಗಳಿಗೂ ನಡುವೆ ಓಡಾಡಿದ ಕಮ್ಯುನಿಸ್ಟ್ ತರುಣ ಚಿನ್ ಪೆಂಗ್‌ಗೂ ಬ್ರಿಟನ್ನಿನ ಗೌರವ ಸಿಕ್ಕಿತು. ಮೂರೇ ವರ್ಷ. 1948ರ ಜೂನಿನಲ್ಲಿ ಅದೇ ಚಿನ್ ಪೆಂಗ್ ಬ್ರಿಟಿಷರ ವಿರುದ್ಧ ಕಾಡು ಸೇರಿದರು. ಚಾಪ್‌ಮನ್ ಕಲಿಸಿದ ಹೊಂಚು, ಮರೆ, ಕಾವಲು ಈಗ ಬ್ರಿಟಿಷ್ ಸೈನಿಕರಿಗೇ ಎದುರಾಯಿತು. ವಿದ್ಯೆಗೂ ಪಕ್ಷ ಇರುವುದಿಲ್ಲ. ಬ್ರಿಟಿಷರು ಜೊಹೋರಿನ ಕೋಟಾ ಟಿಂಗ್ಗಿಯಲ್ಲಿ ಕಾಡುಯುದ್ಧದ ಶಾಲೆ ತೆರೆದರು. ಹಳೇ ಜೊತೆಗಾರ ಕ್ಯಾಲ್ವರ್ಟ್ 1950ರಲ್ಲಿ ಮಲಯದಲ್ಲೇ ಹೊಸ ವಿಶೇಷ ಪಡೆ ಕಟ್ಟಿದರು. ಬ್ರಿಟನ್ನಿನ ಎಸ್‌ಎಎಸ್ ಎಂಬ ಹೆಸರಾಂತ ವಿಶೇಷ ಪಡೆ ಮತ್ತೆ ಎದ್ದು ನಿಂತದ್ದು ಹೀಗೆ.

ಚಾಪ್‌ಮನ್ ಆ ಯುದ್ಧಕ್ಕೆ ಹೋಗಲಿಲ್ಲ. ಶಾಲೆಗೆ ಹೋದರು. ಮೊದಲು ಕರ್ಟ್ ಹಾನ್ ಕಲ್ಪನೆಯ ಔಟ್‌ವರ್ಡ್ ಬೌಂಡ್ ಸಂಸ್ಥೆಯಲ್ಲಿ ಸ್ವಲ್ಪ ಕಾಲ. ಅದು ಹುಟ್ಟಿದ್ದೂ ಯುದ್ಧದಲ್ಲೇ, 1941ರಲ್ಲಿ. ಹಡಗು ಮುಳುಗಿ ದೋಣಿಯಲ್ಲಿ ಸಿಕ್ಕಿಕೊಂಡಾಗ ಗಟ್ಟಿಮುಟ್ಟಾದ ಹುಡುಗ ನಾವಿಕರು ಸಾಯುತ್ತಿದ್ದರು, ವಯಸ್ಸಾದವರು ಉಳಿಯುತ್ತಿದ್ದರು. ಮೈಯಲ್ಲಿ ಶಕ್ತಿ ಇದ್ದರೆ ಸಾಲದು, ತಡೆದುಕೊಳ್ಳುವ ಮನಸ್ಸನ್ನೂ ಕಲಿಸಬೇಕು ಅಂತ ಆ ಶಾಲೆ ಶುರುವಾಯಿತು. ಚಾಪ್‌ಮನ್ ಕಾಡಿನಲ್ಲಿ ಕಂಡದ್ದನ್ನೇ ಇನ್ನೊಬ್ಬರು ಸಮುದ್ರದಲ್ಲಿ ಕಂಡಿದ್ದರು.

1948ರಲ್ಲಿ ಉತ್ತರ ಜರ್ಮನಿಯ ಪ್ಲೋನ್ ಊರಿನಲ್ಲಿ ಕಿಂಗ್ ಆಲ್ಫ್ರೆಡ್ ಶಾಲೆ ತೆರೆಯಿತು. ಜರ್ಮನಿಯಲ್ಲಿದ್ದ ಬ್ರಿಟಿಷ್ ಸೇನೆ ಮತ್ತು ಆಡಳಿತದವರ ಮಕ್ಕಳಿಗಾಗಿ ವಸತಿ ಶಾಲೆ. ಮೊದಲ ಹೆಡ್‌ಮಾಸ್ಟರ್ ಚಾಪ್‌ಮನ್. ಕಟ್ಟಡಗಳು ಜರ್ಮನ್ ನೌಕಾಪಡೆಯವು. ಹಿಟ್ಲರ್ ಸತ್ತ ದಿನಗಳಲ್ಲಿ, ಅವನ ಜಾಗಕ್ಕೆ ಬಂದ ಅಡ್ಮಿರಲ್ ಡೋನಿಟ್ಸ್ ಇದ್ದದ್ದು ಇದೇ ಊರಿನಲ್ಲಿ. ಸುತ್ತಲೂ ಸರೋವರ. ಹುಡುಗರು ಹುಡುಗಿಯರು ಒಟ್ಟಿಗೆ. ಕರ್ನಲ್ ಮಗ, ಸಿಪಾಯಿ ಮಗಳು ಒಂದೇ ಬೆಂಚು. ಬ್ರಿಟನ್ನಿನಲ್ಲೇ ಆಗ ಇಂಥ ಶಾಲೆ ಅಪರೂಪ. ಅಪ್ಪನ ಪೋಸ್ಟಿಂಗ್ ಬದಲಾದಾಗಲೆಲ್ಲ ಊರು ಬದಲಿಸಿದ ಮಕ್ಕಳಿಗೆ ಅಲ್ಲಿ ದೋಣಿ, ಬಯಲು, ಪಾಠ ಸಿಕ್ಕಿತು. ಕೊಡಗಿನಲ್ಲಿ, ಬೆಳಗಾವಿಯಲ್ಲಿ ಮಿಲಿಟರಿ ಮನೆಯ ಮಕ್ಕಳನ್ನು ಕಂಡವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಆಮೇಲೆ ದಕ್ಷಿಣ ಆಫ್ರಿಕಾದ ಗ್ರಹಾಮ್ಸ್‌ಟೌನಿನ ಸೇಂಟ್ ಆಂಡ್ರ್ಯೂಸ್ ಕಾಲೇಜಿನಲ್ಲಿ 1956ರಿಂದ 1961ರವರೆಗೆ. ಕೊನೆಗೆ 1966ರಿಂದ ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದ ಒಂದು ಹಾಸ್ಟೆಲಿನ ವಾರ್ಡನ್. ಕಾಡಿನ ವರ್ಷಗಳು ಮೈಯನ್ನು ಬಿಡಲಿಲ್ಲ. ಬೆನ್ನುನೋವು, ತಲೆನೋವು, ಹೊಟ್ಟೆಯ ತೊಂದರೆ, ಮನಸ್ಸಿಗೆ ಕವಿಯುತ್ತಿದ್ದ ಮಬ್ಬು. 1971ರ ಆಗಸ್ಟಿನಲ್ಲಿ, 64ನೇ ವಯಸ್ಸಿನಲ್ಲಿ, ತಮ್ಮ ಜೀವವನ್ನು ತಾವೇ ಕೊನೆಗೊಳಿಸಿದರು. ಮನಸ್ಸು ಗಟ್ಟಿ ಇದ್ದರೆ ಎಲ್ಲ ಗೆಲ್ಲಬಹುದು ಅಂತ ಅವರ ಪುಸ್ತಕದಿಂದ ಸುಲಭವಾಗಿ ಹೇಳಿಬಿಡುವವರು ಇದನ್ನೂ ಸೇರಿಸಿ ಓದಬೇಕು. ಮನಸ್ಸಿನ ಕಾಯಿಲೆಯೂ ಕಾಯಿಲೆಯೇ. ಯುದ್ಧದಿಂದ ಬಂದವರ ಇಂಥ ಗಾಯಕ್ಕೆ ಆ ಕಾಲದಲ್ಲಿ ಸರಿಯಾದ ಚಿಕಿತ್ಸೆಯಾಗಲಿ, ಬಾಯಿಬಿಟ್ಟು ಹೇಳಿಕೊಳ್ಳುವ ರೂಢಿಯಾಗಲಿ ಇರಲಿಲ್ಲ.

ಒಂದು ಕೆಲಸ ಬಿಟ್ಟುಹೋಯಿತು. ರೆಡಿಂಗಿಗೆ ಬರುವ ಮುಂಚೆ, 1962ರಿಂದ 1966ರವರೆಗೆ, ಸಸೆಕ್ಸಿನ ಸೆಡಲ್ಸ್‌ಕೂಂಬ್ ಎಂಬಲ್ಲಿದ್ದ ಪೆಸ್ಟಲೋಜಿ ಮಕ್ಕಳ ಹಳ್ಳಿಯನ್ನು ಅವರು ನಡೆಸಿದರು. ಯುದ್ಧದಿಂದ, ಗಲಭೆಯಿಂದ ಮನೆ ಕಳೆದುಕೊಂಡ ಮಕ್ಕಳಿಗಾಗಿ ಕಟ್ಟಿದ ಹಳ್ಳಿ ಅದು. ಆಗ ದಲೈ ಲಾಮಾರ ಹಿಂದೆ ಟಿಬೆಟ್ ಬಿಟ್ಟು ಬಂದವರು ದಿಕ್ಕಾಪಾಲಾಗಿದ್ದರು. ನಮ್ಮ ಬೈಲಕುಪ್ಪೆಯಲ್ಲಿ ಕಾಡು ಕಡಿದು ಮುಸುಕಿನ ಜೋಳ ಬಿತ್ತಲು ಶುರು ಮಾಡಿದ್ದೂ ಆ ವರ್ಷಗಳಲ್ಲೇ. ಅವರಲ್ಲೇ ಕೆಲವು ಮಕ್ಕಳು 1963ರಲ್ಲಿ ಇಂಗ್ಲೆಂಡಿನ ಆ ಹಳ್ಳಿಗೆ ಬಂದರು. ಗೊತ್ತಿಲ್ಲದ ದೇಶ, ಗೊತ್ತಿಲ್ಲದ ಊಟ. ಅವರನ್ನು ಎದುರುಗೊಂಡ ಹಳ್ಳಿಯ ಹಿರಿಯನೊಬ್ಬ ಲಾಸಾದ ಬೀದಿಗಳಲ್ಲಿ ತಿರುಗಾಡಿದ್ದವನು, ಚೋಮೊಲ್ಹಾರಿಯ ತುದಿಯಲ್ಲಿ ನಿಂತು ಅವರ ಊರಿನ ಬಯಲನ್ನು ನೋಡಿದ್ದವನು, 1936ರಲ್ಲಿ ಕೂತು ಅವರ ಭಾಷೆ ಕಲಿತಿದ್ದವನು.